ಲಂಪಾರ್ಟ್ ಧಣಿಯ ಸಾವಿನ ಚೀಟಿ

ಲೇಯಿ ನದಿಯ ದಂಡೆಯಲ್ಲಿ ಹುಟ್ಟಿದವರಿಗೆ ಮೂಗು ಬೇಗ ಸತ್ತುಹೋಗುತ್ತದೆ ಅನ್ನುತ್ತಾರೆ. ಸುಳ್ಳು. ನನ್ನದು ಇನ್ನೂ ಸತ್ತಿಲ್ಲ. ಬೇಸಿಗೆ ಬಂತೆಂದರೆ ಸುತ್ತಲಿನ ಅಗಸೆ ಬೆಳೆಯನ್ನೆಲ್ಲ ಕಂತೆ ಕಟ್ಟಿ, ಮರದ ಪಂಜರಗಳಲ್ಲಿ ತುಂಬಿ, ಮೇಲೆ ಕಲ್ಲು ಹೇರಿ ನದಿಯಲ್ಲಿ ಮುಳುಗಿಸಿಡುತ್ತಾರೆ. ಕಾಂಡ ಕೊಳೆತು ನಾರು ಬಿಡಬೇಕಲ್ಲ, ಅದಕ್ಕೆ. ಕಾಂಡದ ಜೊತೆಗೆ ನೀರೂ ಕೊಳೆಯುತ್ತದೆ. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಒಣಹಾಕಿದ ಬಟ್ಟೆ, ಮಕ್ಕಳ ತಲೆಗೂದಲು, ತಿನ್ನುವ ಬ್ರೆಡ್ಡು, ಅದಕ್ಕೆ ಸವರುವ ಬೆಣ್ಣೆ ಎಲ್ಲವೂ ನಾರುತ್ತವೆ. ಆ ನಾತ ಮಾರಿ ಬಂಗಲೆ ಕಟ್ಟಿಸಿದವರು ಮಾತ್ರ ಇದನ್ನು ಬಂಗಾರದ ನದಿ ಎಂದು ಕರೆಯುತ್ತಿದ್ದರು. ಅವರ ಬಂಗಲೆಗಳಿದ್ದದ್ದು ಗಾಳಿ ಬೀಸದ ಕಡೆ.

ಆ ಬಂಗಲೆಯವರಲ್ಲೆಲ್ಲ ದೊಡ್ಡವನು ಹೆಕ್ಟರ್ ಲಂಪಾರ್ಟ್. ಊರಿನ ಅರ್ಧ ಜನ ಅವನ ನೀರಿನಲ್ಲಿ ನಿಂತು ದುಡಿದವರು, ಇನ್ನರ್ಧ ಜನ ಅವನ ಬಾಗಿಲಲ್ಲಿ ಟೋಪಿ ತೆಗೆದು ನಿಂತವರು. ನನ್ನ ಗಂಡ ಸೆರಾಫೀನ್ ಈ ಎರಡನೆಯ ಪಂಗಡದವನು.

ಸೆರಾಫೀನ್ ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದು ಅಚ್ಚು ತೆಗೆಯುವವನು. ಗೆಂಟ್ ಪಟ್ಟಣದ ಕಲಾಶಾಲೆಯಲ್ಲಿ ಕಲಿತು, ಅಗಲ ಅಂಚಿನ ಕರಿ ಟೋಪಿ ಹಾಕಿಕೊಂಡು ಊರಿಗೆ ಮರಳಿದಾಗ, ಇನ್ನೇನು ಪ್ಯಾರಿಸ್ಸೇ ಇವನ ಬಾಗಿಲಿಗೆ ಬರುತ್ತದೆ ಎಂದು ನಾನೂ ನಂಬಿ ಮದುವೆಯಾದೆ. ಗಂಟೆಗೋಪುರ ಕೊರೆದ, ಗಾಳಿಗಿರಣಿ ಕೊರೆದ, ಹಸುಗಳನ್ನು ಕೊರೆದ. ಯಾವುದನ್ನೂ ಯಾರೂ ಮೂಸಿ ನೋಡಲಿಲ್ಲ. ಕೊನೆಗೆ ನಮ್ಮ ಹೊಟ್ಟೆ ಹೊರೆದವರು ಸತ್ತವರು. ನಮ್ಮಲ್ಲಿ ಯಾರು ಸತ್ತರೂ ಚರ್ಚಿಗೆ ಬಂದವರಿಗೆಲ್ಲ ಒಂದೊಂದು ಚೀಟಿ ಹಂಚಬೇಕು. ಮುಂದೆ ಒಂದು ಪವಿತ್ರ ಚಿತ್ರ, ಹಿಂದೆ ಸತ್ತವರ ಹೆಸರು, ಅವರು ಬದುಕಿದ್ದಾಗ ಯಾರೂ ಆಡದ ನಾಲ್ಕು ಒಳ್ಳೆಯ ಮಾತು, ಒಂದು ಪ್ರಾರ್ಥನೆ. ಜನ ಅದನ್ನು ಜಪದ ಪುಸ್ತಕದಲ್ಲಿಟ್ಟುಕೊಂಡು ವರ್ಷಗಟ್ಟಲೆ ಮುತ್ತಿಡುತ್ತಾರೆ. ಸೆರಾಫೀನ್ ಅಳುವ ದೇವದೂತರನ್ನು ಕೊರೆದು ಕೊಡುತ್ತಿದ್ದ.

ಅವನು ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀಚಿ, ಆ್ಯಸಿಡ್ಡಿಗೆ ಹಾಕಿ ಗೆರೆ ತಿನ್ನಿಸಿದನೆಂದರೆ ಅವನ ಕೆಲಸ ಮುಗಿಯಿತು. ಮಿಕ್ಕದ್ದೆಲ್ಲ ನನ್ನದು. ಇಡೀ ತಗಡಿಗೆ ಮಸಿ ಮೆತ್ತಿ, ಮೊದಲು ಬಟ್ಟೆಯಿಂದ, ಆಮೇಲೆ ಸುಣ್ಣದ ಪುಡಿ ಸವರಿದ ಅಂಗೈಯಿಂದ ಒರೆಸಬೇಕು. ಗೆರೆಯೊಳಗಿನ ಮಸಿ ಉಳಿಯಬೇಕು, ಮೇಲಿನದು ಹೋಗಬೇಕು. ಆಮೇಲೆ ಒದ್ದೆ ಕಾಗದ ಹೊದಿಸಿ ಅಚ್ಚುಯಂತ್ರದ ಉರುಳೆಯ ಕೆಳಗೆ ಎಳೆಯಬೇಕು. ಹೆಚ್ಚು ಒರೆಸಿದರೆ ಆಕಾಶ ಬೆಳ್ಳಗಾಗುತ್ತದೆ, ಕಡಿಮೆ ಒರೆಸಿದರೆ ಮೋಡ ಕವಿಯುತ್ತದೆ. ನಮ್ಮೂರಿನ ಸತ್ತವರ ನೆತ್ತಿಯ ಮೇಲೆ ಬಿಸಿಲೋ ಮೋಡವೋ ಎಂದು ತೀರ್ಮಾನಿಸುತ್ತಿದ್ದವಳು ನಾನು. ಸೆರಾಫೀನನಿಗೆ ಅದು ಕೂಲಿ ಕೆಲಸ. ಕಲಾವಿದರು ಅಂಗೈಗೆ ಮಸಿ ಮಾಡಿಕೊಳ್ಳುವುದಿಲ್ಲವಂತೆ.

ಜನ್ಮದಲ್ಲಿ ಒಂದು ಸಲ ಮಾತ್ರ ಆ ಮನುಷ್ಯ ಕಣ್ಣಾರೆ ಕಂಡದ್ದನ್ನು ಕಂಡ ಹಾಗೆಯೇ ಕೊರೆದ. ಯುದ್ಧಕ್ಕೆ ಮುಂಚಿನ ಬೇಸಿಗೆ. ಅಂಗೈಗಿಂತ ತುಸು ದೊಡ್ಡ ತಗಡು. ನದಿ, ಪಂಜರಗಳು, ದೂರದಲ್ಲಿ ದುಡಿಯುವ ಗಂಡಸರು, ಹತ್ತಿರದಲ್ಲಿ ಸೊಂಟದುದ್ದ ನೀರಿನಲ್ಲಿ ನಿಂತ ನನ್ನ ತಂಗಿ ರೊಮಾನಿ. ನೀರಿಗಿಳಿಯುವುದು ಗಂಡಸರ ಕೆಲಸವಾಗಿತ್ತು. ಲಂಪಾರ್ಟ್ ಅರ್ಧ ಕೂಲಿಗೆ ಹೆಂಗಸರನ್ನೂ ಇಳಿಸಿದ್ದ. ರೊಮಾನಿ ತಲೆವಸ್ತ್ರದ ಗಂಟನ್ನು ಗದ್ದದ ಕೆಳಗೆ ಕಟ್ಟದೆ ಕಿವಿಯ ಮೇಲೆ ಕಟ್ಟುವಳು, ತಲೆ ಓರೆ ಮಾಡಿ, ಸೊಂಟದ ಮೇಲೆ ಒಂದು ಕೈ ಇಟ್ಟು ನಿಲ್ಲುವಳು. ಪಾದ್ರಿಗಳ ಎದುರೂ ಹಾಗೆಯೇ ನಿಲ್ಲುವಳು.

"ಬೇಗ ಗೀಚೋ ಭಾವ, ಕಾಲು ಮರಗಟ್ಟೋಯ್ತು," ಎಂದು ಅವಳು ನೀರಿನಿಂದ ಕೂಗಿದ್ದು ಈಗಲೂ ಕಿವಿಯಲ್ಲಿದೆ. "ನಿನ್ನ ದೇವದೂತ್ರಿಗಾದ್ರೆ ರೆಕ್ಕೆ ಇದೆ, ಬೇಜಾರಾದ್ರೆ ಹಾರೋಗ್ತಾರೆ. ನನಗಿರೋದು ಇದೊಂದು ಸೊಂಟ!"

ಅದೇ ವರ್ಷ ಕೊನೆಯ ಪಂಜರಗಳನ್ನು ಎತ್ತುವಾಗ ಸರಪಳಿ ಹರಿದು ಒಂದು ಪಂಜರ ಕಲ್ಲಿನ ಸಮೇತ ಅವಳ ಮೇಲೆ ಬಿತ್ತು. ಸರಪಳಿ ತುಕ್ಕು ಹಿಡಿದಿದೆ, ಬದಲಾಯಿಸಿ ಎಂದು ಮೇಸ್ತ್ರಿಗೆ ಹೇಳಿ ಹೇಳಿ ಬೈಸಿಕೊಂಡವಳೂ ಅವಳೇ. ವಿಚಾರಣೆಗೆ ಕೋರ್ಟ್ರೈಕ್‌ ಪಟ್ಟಣದಿಂದ ಅಧಿಕಾರಿ ಬಂದ. ಲಂಪಾರ್ಟ್ ಅವನಿಗೆ ಒಳ್ಳೆಯ ಊಟ ಹಾಕಿಸಿ, "ಪಾಪ, ಆ ಹುಡುಗಿ ಕುಡಿದಿದ್ಲು," ಎಂದ. ಬಿಯರಿನ ವಾಸನೆಗೇ ಮೂಗು ಮುಚ್ಚುತ್ತಿದ್ದ ರೊಮಾನಿ! ಅಲ್ಲಿಗೆ ತಿಪ್ಪೆ ಸಾರಿಸಿದ ಹಾಗಾಯಿತು. ಊರೆಲ್ಲ ಕುಡುಕಿ ಎಂದಿತು. ಜೊತೆಯಲ್ಲಿ ನೀರಿನಲ್ಲಿದ್ದವರು ಬಾಯಿ ಹೊಲಿದುಕೊಂಡರು. ಅವಳಿಗೊಂದು ಸಾವಿನ ಚೀಟಿ ಮಾಡು ಎಂದು ನಾನು ಗಂಡನ ಕಾಲು ಹಿಡಿದಿದ್ದೆ. "ಧಣಿಗಳು ಬೇಜಾರು ಮಾಡ್ಕೋತಾರೆ ಜುಲ್ಮಾ," ಎಂದ. ಊರಿನ ಜಿಪುಣನಿಗೂ ಕಳ್ಳನಿಗೂ ದೇವದೂತ ಕೊರೆದವನು ಸ್ವಂತ ನಾದಿನಿಗೆ ಒಂದು ಗೆರೆ ಎಳೆಯಲಿಲ್ಲ.

ಆಮೇಲೆ ಜರ್ಮನರು ಬಂದರು. ನಮ್ಮ ಮನೆಯಲ್ಲಿ ಸೈನಿಕರು ಬಿಡಾರ ಮಾಡಿದರು. ಕಬ್ಬಿಣಕ್ಕಾಗಿ ಅಚ್ಚುಯಂತ್ರದ ಉರುಳೆ ಹೊತ್ತೊಯ್ದರು, ತಾಮ್ರಕ್ಕಾಗಿ ಪಾತ್ರೆ ಪಡಗವನ್ನೆಲ್ಲ ಬಾಚಿದರು, ಕಾಗದಕ್ಕಾಗಿ ಅಚ್ಚುಗಳನ್ನು ಪಾಯಿಖಾನೆಯ ಮೊಳೆಗೆ ಸಿಕ್ಕಿಸಿದರು. ರೊಮಾನಿ ಇದ್ದ ಎಲ್ಲ ಅಚ್ಚುಗಳೂ ಹೋದದ್ದು ಹಾಗೆ. ನನ್ನ ತಂಗಿಯ ಮುಖದಿಂದ ಅವರು ಏನು ಒರೆಸಿಕೊಂಡರೆಂದು ಮತ್ತೆ ಹೇಳಬೇಕೇ? ಆ ಒಂದು ತಗಡನ್ನು ಮಾತ್ರ ನಾನು ಹಂದಿಕೊಬ್ಬಿನ ಬಟ್ಟೆಯಲ್ಲಿ ಸುತ್ತಿ ಕೋಳಿಗೂಡಿನ ಕೆಳಗೆ, ಹಿಕ್ಕೆಯ ರಾಶಿಯಲ್ಲಿ ಹುಗಿದಿಟ್ಟೆ. ಎಷ್ಟು ಸಲ ಉಗುರಿನಲ್ಲಿ ಹಿಕ್ಕೆ ಕೆದರಿ ಅದು ಇದೆಯೇ ಎಂದು ನೋಡಿದೆನೋ. ರೊಮಾನಿಯ ಫೋಟೋ ಇರಲಿಲ್ಲ. ಅವಳ ಗೋರಿಯ ಮೇಲಿದ್ದದ್ದು ಒಂದು ಮರದ ಶಿಲುಬೆ. ಅವಳು ಹೀಗಿದ್ದಳು ಎನ್ನಲು ಲೋಕದಲ್ಲಿ ಉಳಿದದ್ದು ಆ ತಗಡು ಮಾತ್ರ.

ಯುದ್ಧ ಮುಗಿದ ಮೇಲೂ ಉರುಳೆ ಇಲ್ಲದೆ, ಒಳ್ಳೆಯ ಕಾಗದವಿಲ್ಲದೆ ನಮ್ಮ ಯಂತ್ರ ವರ್ಷಗಳ ಕಾಲ ಸುಮ್ಮನೆ ನಿಂತಿತ್ತು. ಕೊನೆಗೆ ಒಂದು ಚಳಿಗಾಲದ ಮೊದಲಿಗೆ ಹಳೆಯ ಉರುಳೆಯೊಂದು ಸಿಕ್ಕಿತು. ನಾನು ಮೊದಲು ಎಳೆದದ್ದು ರೊಮಾನಿಯ ಅಚ್ಚನ್ನು. ಅವ್ವನಿಗೆಂದು. ಅವ್ವ ಫಿಲೋಮೆನ್, ಕಣ್ಣು ಮಂಜಾಗುವ ಮೊದಲು ಮಗಳನ್ನು ಒಮ್ಮೆ ನೋಡಬೇಕು ಎಂದು ದಿನಾ ಗೊಣಗುತ್ತಿದ್ದಳು. ಅಚ್ಚು ಎರಡು ಹಲಗೆಗಳ ನಡುವೆ ಒಣಗುತ್ತಿತ್ತು. ಅದೇ ಹೊತ್ತಿಗೆ ಲಂಪಾರ್ಟನ ಮಗ ಅರ್ಸೇನ್ ಬಂದು ಬಾಗಿಲಲ್ಲಿ ನಿಂತ.

"ಅಪ್ಪ ಕರೀತಿದಾರೆ ಸೆರಾಫೀನ್. ಅವರ ಚೀಟಿ ವಿಷಯ."

"ಅಯ್ಯೋ ದೇವರೇ, ಧಣಿಗಳು ತೀರಿಕೊಂಡ್ರಾ?" ಎಂದು ಸೆರಾಫೀನ್ ಟೋಪಿ ಎದೆಗೆ ಒತ್ತಿಕೊಂಡ.

"ಇಲ್ಲ ಮಾರಾಯ. ಬದುಕಿದ್ದಾಗ್ಲೇ ನೋಡಿ ಒಪ್ಪಬೇಕಂತೆ."

ಚಿತ್ರಗಳ ಚೀಲ ಹೊತ್ತು ನಾನೂ ಹೋದೆ. ಲಂಪಾರ್ಟನ ಕೋಣೆಯ ಬಾಗಿಲಲ್ಲೇ ನಾತ ಮೂಗಿಗೆ ಬಡಿಯಿತು. ಬೆನ್ನುಹುಣ್ಣಿನ ವಾಸನೆ, ಅದರ ಮೇಲೆ ಕೊಲೋನ್ ನೀರು, ಅದರ ಮೇಲೆ ಕೋಳಿ ಸಾರು. ಅಗಸೆ ನಾರಿನ ಬೆಳ್ಳನೆ ದಿಂಬುಗಳ ನಡುವೆ ಅವನು ಹುಳಿ ಬಂದ ಹಿಟ್ಟಿನ ಹಾಗೆ ಉಬ್ಬಿ ಕೂತಿದ್ದ.

"ಈ ಅರ್ಸೇನನ್ನ ನಂಬಿದ್ರೆ ನನ್ನ ಚೀಟಿಗೆ ಹಸು ಚಿತ್ರ ಹಾಕಿಸ್ತಾನೆ," ಎಂದ. "ತೋರ್ಸಯ್ಯ, ಏನೇನಿದೆ?"

ಸೆರಾಫೀನ್ ದೇವದೂತರನ್ನು ಒಬ್ಬೊಬ್ಬರಾಗಿ ಹಾಸಿಗೆಯ ಮೇಲೆ ಹರಡಿದ.

"ಯಾಕಯ್ಯಾ ಇವರೆಲ್ಲ ಅಳ್ತಿದಾರೆ? ನಾನೇನು ಮಾಡಿದೆ ಇವರಿಗೆ?"

"ದುಃಖಕ್ಕೆ, ಧಣಿ."

"ದುಃಖ ಬೇಡ. ಗಂಭೀರವಾಗಿರೋದು ಏನಾದ್ರೂ ಇಲ್ವಾ?"

ಆಗ ನನ್ನ ಗಂಡ ಚೀಲದ ತಳಕ್ಕೆ ಕೈ ಹಾಕಿ ರೊಮಾನಿಯ ಅಚ್ಚನ್ನು ಹೊರಗೆಳೆದ. ನನಗೆ ತಿಳಿಯದ ಹಾಗೆ ಹಲಗೆಯಿಂದ ಎತ್ತಿ ಅದರಲ್ಲಿ ತುರುಕಿದ್ದ! "ಅದು ಅವ್ವಂದು," ಎಂದೆ. ಅವನು ನನ್ನ ಕಾಲು ತುಳಿದ.

ಲಂಪಾರ್ಟ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. "ಹ್ಞಾ, ಇದು. ನನ್ನ ನದಿ, ನನ್ನ ದಂಡೆ. ಇಲ್ಲಿ, ಈ ಮುಂದುಗಡೆ ನನ್ನ ನಿಲ್ಲಿಸು. ಉದ್ದ ಕೋಟು, ಕೈಲಿ ಬೆತ್ತ. ತಲೆ ಮೇಲೆ ಒಳ್ಳೆ ಆಕಾಶ ಇರ್ಲಿ. ಇವಳ್ಯಾರು?"

"ಯಾರೋ ಕೆಲಸದವಳು, ಧಣಿ," ಎಂದ ನನ್ನ ಗಂಡ. ನಾನು ಅಲ್ಲೇ ನಿಂತಿದ್ದೆ.

"ಯಾರೋ ಅಲ್ಲ. ಕುಡಿದು ಸತ್ಲಲ್ಲ, ಆ ಹುಡುಗಿ. ತೆಗೆದುಹಾಕು. ನನ್ನ ಚೀಟಿಲಿ ಕುಡುಕಿ ಬೇಡ."

"ಅವಳು ಕುಡೀತಿರ್ಲಿಲ್ಲ," ಎಂದೆ ನಾನು. "ಸರಪಳಿ ತುಕ್ಕು ಹಿಡಿದಿತ್ತು. ನಿಮಗೂ ಗೊತ್ತು."

"ಸತ್ತವರ ವಿಷಯ ಈಗ್ಯಾಕಮ್ಮ?" ಎಂದು ಅವನು ಕಣ್ಣು ಮುಚ್ಚಿದ. ಅಷ್ಟರಲ್ಲಿ ಕೆಮ್ಮು ಹತ್ತಿತು. ಮೈಯೆಲ್ಲ ಕುಲುಕಿ ಕೆಮ್ಮಿ, ಗಂಟಲಿನ ಬುಡದಿಂದ ಎಳೆದು, ಕೈಯಲ್ಲಿದ್ದ ಕಾಗದಕ್ಕೇ ಕ್ಯಾಕರಿಸಿ ಉಗಿದ. ನದಿಯ ಮೇಲೆ, ರೊಮಾನಿಯ ಮೇಲೆ. ಹಸಿರು ಕಫ. ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟು, "ಆಚೆ ಎಸೀರಿ," ಎಂದ. ನಾನು ಅದನ್ನು ಹಿಡಿದುಕೊಂಡು ಮೆಟ್ಟಿಲಿಳಿದೆ. ಬೆಚ್ಚಗಿತ್ತು.

ಮನೆಗೆ ಬಂದವಳೇ ಕೂಗಾಡಿದೆ. "ನಾಚಿಕೆ ಆಗಲ್ವಾ ನಿನಗೆ? ಯಾರೋ ಕೆಲಸದವಳಾ? ನಿನ್ನ ಮದುವೇಲಿ ನಿನ್ನ ಬೂಟಿಗೆ ಪಾಲಿಶ್ ಹಾಕಿದವಳು ಕಣೋ ಅವಳು!"

"ಜುಲ್ಮಾ, ಜುಲ್ಮಾ, ಸಮಾಧಾನ. ದೊಡ್ಡ ದೊಡ್ಡವರೆಲ್ಲ ಆ ಚೀಟಿ ನೋಡ್ತಾರೆ. ಬಿಷಪ್ಪರು ಬರ್ತಾರೆ. ಇಷ್ಟು ವರ್ಷ ಆದಮೇಲೆ ನನ್ನ ಹೆಸರು ಹೊರಗೆ ಬರೋ ಕಾಲ ಬಂದಿದೆ."

"ನಿನ್ನ ಹೆಸರಿಗೆ ಬೆಂಕಿ ಹಾಕ. ಬೇರೆ ತಗಡಿನ ಮೇಲೆ ಕೊರಿ."

"ಇನ್ನೊಂದು ಸಲ ಹಂಗೆ ಬರಲ್ಲ ಕಣೇ," ಎಂದ. ಅದೊಂದು ಮಾತನ್ನು ಮಾತ್ರ ಅವನು ನಿಜವಾಗಿ ಆಡಿದ್ದು. "ಆ ನೀರು ನನ್ನ ಕೈಲಿ ಇನ್ನೊಂದು ಸಲ ಬರಲ್ಲ."

ಭಾನುವಾರ ನಾನು ಪೂಜೆಗೆ ಹೋಗಿದ್ದಾಗ ಕೆಲಸ ಮುಗಿಸಿದ. ಬಂದು ನೋಡಿದರೆ ಮೇಜಿನ ಮೇಲೆ ತಾಮ್ರದ ಸಣ್ಣ ಸಿಪ್ಪೆಗಳು, ಉಗುರು ಕತ್ತರಿಸಿ ಬಿಟ್ಟ ಹಾಗೆ. ಹೆರೆಯುವ ಚಾಕುವಿನಿಂದ ಅವಳನ್ನು ತಲೆವಸ್ತ್ರದಿಂದ ಸೊಂಟದವರೆಗೆ ಹೆರೆದು ತೆಗೆದು, ಉಕ್ಕಿನ ಕಡ್ಡಿಯಲ್ಲಿ ಉಜ್ಜಿ ನುಣುಪು ಮಾಡಿದ್ದ. ಅವಳಿದ್ದ ಜಾಗವನ್ನು ನೀರಿನ ಹೊಳಪು ಎಂದು ಹಾಗೇ ಬಿಟ್ಟಿದ್ದ. ಮುಂದೆ ದಂಡೆಯ ಮೇಲೆ ಬೆತ್ತ ಹಿಡಿದ ಲಂಪಾರ್ಟ್ ಎದ್ದು ನಿಂತಿದ್ದ. ಆ ಸಿಪ್ಪೆಗಳನ್ನು ಗುಡಿಸಲು ನನ್ನ ಕೈ ಬರಲಿಲ್ಲ. ಸೆರಾಫೀನ್ ಉಫ್ ಎಂದು ಊದಿ ನೆಲಕ್ಕೆ ಬೀಳಿಸಿ, ಬೇಯಿಸಿದ ಆಲೂಗಡ್ಡೆ, ಹೆರಿಂಗ್ ಮೀನು ಎಲ್ಲಿ ಎಂದು ಕೇಳಿದ. ಆ ಬಾಯಿ ಅಗಿಯುವುದನ್ನು ನೋಡಿದಾಗಲೆಲ್ಲ, ಇದರ ಪಕ್ಕದಲ್ಲಿ ಇಷ್ಟು ವರ್ಷ ಮಲಗಿದೆನಲ್ಲ ಎಂದು ನನಗೇ ಅಸಹ್ಯವಾಗುತ್ತಿತ್ತು.

ಮಾರನೆಯ ದಿನ ಮೊದಲ ಅಚ್ಚು ಎಳೆಯಬೇಕಾಗಿತ್ತು. ಮನಸ್ಸಿಲ್ಲದ ಮನಸ್ಸಿನಿಂದ ಮಸಿ ಮೆತ್ತಿದೆ, ಬಟ್ಟೆಯಿಂದ ಎರಡು ಸಲ ಸವರಿದೆ, ಅಂಗೈಯಿಂದ ಒರೆಸುವ ಗೋಜಿಗೆ ಹೋಗದೆ ಎಳೆದೆ. ಕಾಗದ ಎತ್ತಿದೆ.

ಲಂಪಾರ್ಟನ ಹಿಂದೆ ನೀರಿನಲ್ಲಿ ರೊಮಾನಿ ನಿಂತಿದ್ದಳು. ಮುಖವಿಲ್ಲ, ಕಣ್ಣಿಲ್ಲ. ಒಲೆಯ ಹೊಗೆಯ ಬಣ್ಣದ ಒಂದು ಆಕಾರ ಅಷ್ಟೇ. ಆದರೆ ಓರೆ ತಲೆ, ಕಿವಿಯ ಮೇಲಿನ ಗಂಟು, ಸೊಂಟದ ಮೇಲಿನ ಕೈ. ಅವಳೇ.

ತಾಮ್ರವನ್ನು ಹೆರೆದರೆ ಅಲ್ಲಿ ತಗ್ಗು ಬೀಳುತ್ತದೆ. ತಗಡನ್ನು ಮಗುಚಿಹಾಕಿ ಹಿಂದಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ತಗ್ಗನ್ನು ಮೇಲೆಬ್ಬಿಸಿ ಮಟ್ಟ ಮಾಡಬೇಕು. ಇಲ್ಲದಿದ್ದರೆ ತಗ್ಗಿನಲ್ಲಿ ಮಸಿ ತೆಳ್ಳಗೆ ನಿಂತುಬಿಡುತ್ತದೆ. ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಸುತ್ತಿಗೆ ಕೆಲಸವೆಂದರೆ ಸೆರಾಫೀನನಿಗೆ ಮೊದಲಿನಿಂದಲೂ ಸೋಮಾರಿತನ. ಅಚ್ಚನ್ನು ಅವನ ಮುಂದೆ ಹಿಡಿದೆ. ಹುಬ್ಬು ಗಂಟಿಕ್ಕಿದ.

"ಸರಿಯಾಗಿ ಒರೆಸಿಲ್ಲ ನೀನು. ಅಂಗೈಗೆ ಸುಣ್ಣ ಹಾಕ್ಕೊಂಡು ಚೆನ್ನಾಗಿ ತಿಕ್ಕು, ಹೋಗತ್ತೆ."

ತಿಕ್ಕಿದೆ. ಹೋಯಿತು. ಬೆಳ್ಳನೆ ನೀರು, ಬೆಳ್ಳನೆ ಆಕಾಶ, ಒಬ್ಬಂಟಿ ಲಂಪಾರ್ಟ್. ಆ ಅಚ್ಚನ್ನು ಅವನು ದಿಂಬಿಗೆ ಒರಗಿಸಿಕೊಂಡು ಮೂರು ದಿನ ನೋಡಿ, ಹೊಟ್ಟೆ ಸ್ವಲ್ಪ ಕಡಿಮೆ ಮಾಡಿಸಿ ಒಪ್ಪಿಕೊಂಡನಂತೆ. ಊರಿಗೆಲ್ಲ ಸಾಲುವಷ್ಟು ಎಳೆದಿಡಿ, ಸತ್ತ ಮೇಲೆ ಹಿಂಬದಿಗೆ ಹೆಸರು ದಿನಾಂಕ ಹಾಕಿಸಿಕೊಳ್ಳುತ್ತೇವೆ ಎಂದು ಹೇಳಿಕಳಿಸಿದರು.

ಆ ಚಳಿಗಾಲವಿಡೀ ನಾನೊಬ್ಬಳೇ ಎಳೆದೆ. ಸೆರಾಫೀನ್ 'ಕರಿ ಹುಂಜ' ಹೆಂಡದಂಗಡಿಯಲ್ಲಿ ಕೂತು ಬಿಷಪ್ಪರಿಗೆ ಏನು ಹೇಳಬೇಕೆಂದು ಅಭ್ಯಾಸ ಮಾಡುತ್ತಿದ್ದ. ಅಂಗೈಗೆ ಸುಣ್ಣ ಸವರಿ ಆಕಾಶ ಒರೆಸಿದೆ, ದಂಡೆ ಒರೆಸಿದೆ, ಧಣಿಯ ಬೋಳು ತಲೆ ಮಿಂಚುವಂತೆ ಒರೆಸಿದೆ. ಆ ತಗ್ಗಿನ ಹತ್ತಿರ ಬಂದಾಗ ಕೈ ಎತ್ತಿದೆ. ಒಂದರಲ್ಲೂ ಬಿಡದೆ ರೊಮಾನಿ ಬಂದಳು. ನಿನ್ನ ನೀರಿನಲ್ಲಿ ಸತ್ತವಳು ಇಗೋ ನಿನ್ನ ಬೆನ್ನ ಹಿಂದೆ ನಿಂತಿದ್ದಾಳೆ, ಊರೆಲ್ಲ ನೋಡಲಿ, ನಿನ್ನ ಮಗನ ಮುಖ ಸುಣ್ಣವಾಗಲಿ ಎಂದು ಗೊಣಗುತ್ತಲೇ ಎಳೆದೆ. ಅವಳಿಗೆ ಸಿಗದ ಚೀಟಿ ಇವನ ಖರ್ಚಿನಲ್ಲಿ ಸಿಗುತ್ತಿದೆ ಎಂದು ನಗುವೂ ಬರುತ್ತಿತ್ತು. ಕಟ್ಟು ಕಟ್ಟಿ, ಕಾಗದ ಸುತ್ತಿ, ದಾರ ಬಿಗಿದು ಕೊಟ್ಟೆ. ಧಣಿ ಒಪ್ಪಿದ ಚಿತ್ರವಲ್ಲವೇ, ಯಾರೂ ಬಿಚ್ಚಿ ನೋಡಲಿಲ್ಲ. ಹೆಸರು ಹಾಕಿದ ಮುದ್ರಣದವನು ನೋಡಿದ್ದು ಹಿಂಬದಿಯನ್ನು ಮಾತ್ರ.

ಲಂಪಾರ್ಟ್ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಸತ್ತ. ಉಪವಾಸವನ್ನೂ ತಪ್ಪಿಸಿಕೊಂಡ ಎಂದರು ಜನ.

ಚರ್ಚು ಕಿಕ್ಕಿರಿದಿತ್ತು. ಧೂಪ ಎಷ್ಟು ಹಾಕಿದರೂ ಶವಪೆಟ್ಟಿಗೆಯ ಕಡೆಯಿಂದ ಒಂದು ಸಿಹಿ ನಾತ ಬರುತ್ತಿತ್ತು. ಕಾಣಿಕೆಯ ಹೊತ್ತಿಗೆ ಎಲ್ಲರೂ ಸಾಲಾಗಿ ಹೋಗಿ ಪಾದ್ರಿಗಳು ಹಿಡಿದ ತಟ್ಟೆಗೆ ಮುತ್ತಿಟ್ಟು ಚೀಟಿ ತೆಗೆದುಕೊಂಡು ಬಂದರು. ನಾನು ಕಂಬಕ್ಕೊರಗಿ ಮುಖಗಳನ್ನೇ ನೋಡುತ್ತಿದ್ದೆ. ಮೊದಲು ಪಿಸುಪಿಸು ಎದ್ದಿತು. ಒಬ್ಬಳು ಪಕ್ಕದವಳಿಗೆ ತೋರಿಸಿದಳು. ಮುಂದಿನ ಸಾಲಿನಲ್ಲಿ ಅರ್ಸೇನ್ ಚೀಟಿಯನ್ನು ಕಣ್ಣ ಹತ್ತಿರ ಹಿಡಿದ. ನೋಡು, ಈಗ ನೋಡು ಎಂದುಕೊಂಡೆ.

ಅರ್ಸೇನ್ ಮೊಣಕಾಲೂರಿ ಗೊಳೋ ಎಂದು ಅತ್ತ. "ಮಾತೆ! ಮಾತೆ ಮರಿಯಮ್ಮ ಬಂದಿದಾಳೆ! ಅಪ್ಪನ್ನ ಕರ್ಕೊಂಡು ಹೋಗಕ್ಕೆ ಬಂದಿದಾಳೆ!"

ಪಾದ್ರಿಗಳು ಕನ್ನಡಕ ಏರಿಸಿ ನೋಡಿ ಶಿಲುಬೆಯ ಗುರುತು ಹಾಕಿಕೊಂಡರು. ಶವಪೆಟ್ಟಿಗೆಯ ಪಕ್ಕ ನಿಂತು ಅಲ್ಲೇ ಒಂದು ಪ್ರವಚನ ಹೊಸೆದರು. "ಪ್ರಿಯ ಭಕ್ತರೇ, ಜೀವನವಿಡೀ ಬಡವರಿಗೆ ಕೆಲಸ ಕೊಟ್ಟ ಈ ಪುಣ್ಯಾತ್ಮರ ಹಿಂದೆ, ನೀರಿನ ಮೇಲೆ ಯಾರು ನಿಂತಿದ್ದಾರೆ ನೋಡಿ! ಒಂದು ಕೈ ನಡುವಿಗಿಟ್ಟು, ಆಟ ಮುಗಿಸಿ ಮನೆಗೆ ಬಾ ಮಗನೇ ಅಂತ ಕಾಯೋ ತಾಯಿಯ ಹಾಗೆ!" ಸೊಂಟದ ಮೇಲೆ ಕೈಯಿಟ್ಟ ಮರಿಯಮ್ಮನನ್ನು ಈ ಭೂಮಿಯ ಮೇಲೆ ಯಾರು ಕಂಡಿದ್ದರು? ಆದರೆ ಹೆಂಗಸರು ಕಣ್ಣೊರೆಸಿಕೊಂಡರು. ಚೀಟಿಗೆ ಪಚಪಚ ಮುತ್ತಿಟ್ಟರು. ಎಂಜಲು ಹತ್ತಿ ಹೊಳೆಯುವ ತುಟಿಗಳು ನನ್ನ ತಂಗಿಯ ಮೇಲೆ.

ಅವಳ ಜೊತೆ ನೀರಿನಲ್ಲಿ ನಿಂತಿದ್ದ ಗಂಡಸರಿಗೆ ಗುರುತು ಹತ್ತದೆ ಇರಲಿಲ್ಲ. ಮುದುಕ ಬವೋ ಚೀಟಿ ನೋಡಿದ, ಕತ್ತೆತ್ತಿ ನನ್ನನ್ನು ನೋಡಿದ, ಕಣ್ಣು ಕೆಳಗೆ ಹಾಕಿದ. ಪೂಜೆ ಮುಗಿದ ಮೇಲೆ ಲಂಪಾರ್ಟರ ಮನೆಯ ಉದ್ದನೆ ಮೇಜಿನಲ್ಲಿ ಅವನೇ ಎಲ್ಲರಿಗಿಂತ ಮೊದಲು ಹ್ಯಾಮಿಗೆ ಕೈ ಹಾಕಿದ್ದ. ಕಾಫಿ, ಒಣದ್ರಾಕ್ಷಿ ಬ್ರೆಡ್ಡು, ಕೊಬ್ಬು ಮಿನುಗುವ ಹ್ಯಾಮು. ಬಾಯಿ ತುಂಬಿದ್ದವರ ಬಾಯಿಂದ ನಿಜ ಹೇಗೆ ಹೊರಡಬೇಕು?

ನನ್ನ ಗಂಡ ಆ ಮೇಜಿನ ನಡುವೆ ಅಗಲ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಚೀಟಿ ನೋಡಿದ ಕ್ಷಣ ಅವನ ಮುಖ ಬಿಳಿಚಿದ್ದನ್ನು ನಾನು ಕಂಡಿದ್ದೆ. ಪ್ರವಚನ ಮುಗಿಯುವಷ್ಟರಲ್ಲಿ ಬಣ್ಣ ತಿರುಗಿ ಬಂದಿತ್ತು.

"ಹೇಗೆ ಹೊಳೀತು ಸೆರಾಫೀನ್ ನಿನಗೆ?" ಎಂದು ಅರ್ಸೇನ್ ಅವನ ಕೈ ಹಿಡಿದುಕೊಂಡು ಕೇಳುತ್ತಿದ್ದ. "ಅಪ್ಪ ನೋಡಿದ್ದ ಅಚ್ಚಲ್ಲಿ ಇರಲೇ ಇಲ್ವಲ್ಲ!"

"ಕೆಲವು ವಿಷಯ ಹೇಳಬಾರದು ಧಣಿ," ಎಂದ ನನ್ನ ಗಂಡ, ಕಣ್ಣು ಅರ್ಧ ಮುಚ್ಚಿ. "ಕೈ ನಂದು. ನಡೆಸೋರು ಬೇರೆ."

ಕೋರ್ಟ್ರೈಕ್‌ನ ಪತ್ರಿಕೆಯವನೊಬ್ಬ ಅದನ್ನು ಬರೆದುಕೊಂಡ. ಆ ಮಾತಿನ ಮೇಲೆಯೇ ಸೆರಾಫೀನ್ ಇವತ್ತಿಗೂ ಬದುಕಿದ್ದಾನೆ. ಎಲ್ಲಾದರೂ ನೀವು ಅವನ ಹೆಸರು ಕೇಳಿದ್ದರೆ ಅದು ಈ ಚೀಟಿಯಿಂದಲೇ ಇರಬೇಕು. ನಾನು ಕಾಫಿಯ ಬಟ್ಟಲು ಅಲ್ಲೇ ಕುಕ್ಕಿ ಹೊರಗೆ ಬಂದೆ. ಗೋಡೆ ಹಿಡಿದುಕೊಂಡು ವಾಂತಿ ಮಾಡಿದೆ.

ಅವ್ವ ಊಟಕ್ಕೆ ಬಂದಿರಲಿಲ್ಲ. ತನ್ನ ಮನೆಯಲ್ಲಿ ಕಿಟಕಿಯ ಹತ್ತಿರ ಕೂತಿದ್ದಳು, ತೊಡೆಯ ಮೇಲೆ ಚೀಟಿ. ಒಬ್ಬಳಾದರೂ ಗುರುತು ಹಿಡಿಯುತ್ತಾಳೆ, ಒಬ್ಬಳಿಗಾದರೂ ಸಮಾಧಾನವಾಗುತ್ತದೆ ಎಂದು ನಾನು ಅವಳ ಕಾಲ ಬಳಿ ಕೂತೆ.

"ನಮ್ಮ ರೊಮಾನಿ," ಎಂದಳು.

"ಹ್ಞೂ ಕಣವ್ವ. ನಾನೇ ತಂದೆ ಅವಳನ್ನ. ಅವನು ಅಳಿಸಿದ್ದ, ನಾನು ಅಳಿಸಕ್ಕೆ ಬಿಡಲಿಲ್ಲ."

ಅವ್ವ ಬೆರಳನ್ನು ಅವಳ ಮೇಲೆ ಆಡಿಸಿದಳು. ಆಮೇಲೆ ಅದೇ ಬೆರಳು ಲಂಪಾರ್ಟನ ಕೋಟಿನ ಮೇಲೆ ನಿಂತಿತು. "ಬದುಕಿದ್ದಷ್ಟು ದಿನ ಅವನ ನೀರಲ್ಲಿ ನಿಂತಳು. ಅವನ ನೀರಲ್ಲೇ ಸತ್ತಳು. ಈಗ ಅವನ ಬೆನ್ನ ಹಿಂದೆ ಶಾಶ್ವತವಾಗಿ ನಿಲ್ಲಿಸಿಬಿಟ್ಯಲ್ಲೇ ಜುಲ್ಮಾ. ಆ ಹಂದಿಗೆ ಸ್ವರ್ಗದ ದಾರಿ ತೋರ್ಸೋ ಚಾಕರಿನೂ ನನ್ನ ಮಗಳೇ ಮಾಡ್ಬೇಕಾ?"

ಅವಳು ಚೀಟಿಯನ್ನು ನನ್ನ ಕೈಗೆ ತುರುಕಿದಳು.

"ತೆಗಿ," ಎಂದಳು ಅವ್ವ. "ನನ್ನ ಮಗಳನ್ನ ಅಲ್ಲಿಂದ ತೆಗಿ."

"ತೆಗೆದ್ರೆ ಮತ್ತೆ ಬರಲ್ಲ ಅವ್ವ. ಇನ್ನೆಲ್ಲೂ ಇಲ್ಲ ಅವಳು."

"ಇಲ್ಲದಿದ್ರೆ ಇಲ್ಲ. ಅಲ್ಲಿ ಬೇಡ."

ಮನೆಗೆ ಬಂದು ತಗಡನ್ನು ಮೆತ್ತನೆ ಚರ್ಮದ ಮೇಲೆ ಮಗುಚಿಟ್ಟೆ. ಬೆನ್ನಿನ ಕಡೆ ಅವಳಿರುವ ಜಾಗವನ್ನು ಅಳತೆ ಕಡ್ಡಿಯಿಂದ ಗುರುತು ಮಾಡಿದೆ. ಸುತ್ತಿಗೆ ತೆಗೆದುಕೊಂಡೆ. ಸೆರಾಫೀನ್ ಸೋಮಾರಿತನದಿಂದ ಬಿಟ್ಟ ಕೆಲಸವನ್ನು ನಾನು ಅಳುತ್ತಾ, ಬೈಯುತ್ತಾ, ಮೂಗು ಒರೆಸಿಕೊಳ್ಳುತ್ತಾ ಮಾಡಿದೆ. ಮೆಲ್ಲಗೆ ಬಡಿದೆ. ತಲೆವಸ್ತ್ರದ ಗಂಟು ಮೇಲೆದ್ದಿತು, ಓರೆ ತಲೆ ಎದ್ದಿತು, ಸೊಂಟ ಎದ್ದಿತು, ಕೊನೆಗೆ ಆ ಕೈ. ತಿರುಗಿಸಿ, ಎಣ್ಣೆ ಹಾಕಿ, ಉಕ್ಕಿನ ಕಡ್ಡಿಯಲ್ಲಿ ಉಜ್ಜಿದೆ. ಅವಳು ಸಣ್ಣವಳಿದ್ದಾಗ ಬೆನ್ನುಜ್ಜಿ ಸ್ನಾನ ಮಾಡಿಸುತ್ತಿದ್ದೆ. ಈ ಕೈಗಳೇ. ಬೆರಳಾಡಿಸಿದರೆ ಎಲ್ಲಿಯೂ ತಗ್ಗು ಸಿಗದ ಹಾಗೆ ಮಟ್ಟವಾಯಿತು. ಮಸಿ ಮೆತ್ತಿ, ಒರೆಸದೆಯೇ ಒಂದು ಅಚ್ಚು ಎಳೆದು ನೋಡಿದೆ. ಬರೀ ನೀರು.

ಕುಡಿದು ಮನೆಗೆ ಬಂದ ಗಂಡ ಆ ಅಚ್ಚನ್ನು ನೋಡಿ ತಲೆ ಚಚ್ಚಿಕೊಂಡ. "ಏನು ಮಾಡ್ದೆ ಮುಂಡೇದೇ! ಇಡೀ ಪಟ್ಟಣ ಕೇಳ್ತಿದೆ ಅದನ್ನ!"

"ಕೈ ನಿಂದಲ್ವಾ?" ಎಂದೆ. "ನಡೆಸೋರನ್ನ ಕರಿ, ಇನ್ನೊಂದು ಸಲ ನಡೆಸ್ಲಿ."

ಅವನ ಕೈಯಲ್ಲಿ ಅದು ಮತ್ತೆ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಟೋಪಿ ಕಿತ್ತೆಸೆದು ಮಲಗಿದ.

ವರ್ಷದ ಪೂಜೆಗೆ ಇನ್ನಷ್ಟು ಚೀಟಿ ಬೇಕೆಂದು ಅರ್ಸೇನ್ ಬಂದ. ಸೆರಾಫೀನ್ ಹಿಂಬಾಗಿಲಿಂದ ಜಾರಿಕೊಂಡ. ನಾನು ಹೊಸ ಅಚ್ಚೊಂದನ್ನು ಅರ್ಸೇನನ ಕೈಗೆ ಕೊಟ್ಟೆ. ಅವನು ಅದನ್ನು ಕಿಟಕಿಗೆ ಹಿಡಿದ, ಓರೆ ಮಾಡಿದ, ಕಣ್ಣು ಕಿರಿದು ಮಾಡಿದ. ಬೆತ್ತ ಹಿಡಿದ ಅಪ್ಪ ದಂಡೆಯ ಮೇಲೆ ಒಬ್ಬನೇ ನಿಂತಿದ್ದ.

"ಜುಲ್ಮಾ, ಮಾತೆ ಎಲ್ಲಿ? ಮಾತೆ ಇಲ್ವಲ್ಲ ಇದರಲ್ಲಿ?"

"ಹೊರಟೋದಳು," ಎಂದೆ. "ನಿಮ್ಮಪ್ಪನ ನಾತ ತಡ್ಕೊಳ್ಳಕ್ಕೆ ಅವಳ ಕೈಲೂ ಆಗ್ಲಿಲ್ಲ ಅಂತ ಕಾಣತ್ತೆ."

ಅವನ ಮುಖ ಕೆಂಪಾಯಿತು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಇದ್ದಕ್ಕಿದ್ದಂತೆ ಅವನ ಕಣ್ಣು ನನ್ನ ಸೊಂಟದ ಹತ್ತಿರ ನಿಂತುಬಿಟ್ಟಿತು. ಒಂದು ಹೆಜ್ಜೆ ಹಿಂದಕ್ಕೆ ಸರಿದ. ನಾನು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೇನೆ ಎಂದು ನನಗೆ ಗೊತ್ತಾದದ್ದು ಆಗಲೇ.